ಗುಳಿಗೆಗಳ್ಳ

ಅವನಿಗೆ ಗುಳಿಗೆ ನುಂಗಲು ಬರುತ್ತಿರಲಿಲ್ಲ. ಓಣಿಗೆಲ್ಲ ಗೊತ್ತಿದ್ದ ಸಂಗತಿ ಇದು.

ಚಿಕ್ಕಂದಿನಲ್ಲಿ ಒಂದು ಗುಳಿಗೆ ಗಂಟಲಲ್ಲಿ ಸಿಕ್ಕಿಕೊಂಡು ಉಸಿರು ಕಟ್ಟಿತ್ತಂತೆ. ಅಂದಿನಿಂದ ಗುಳಿಗೆ ಕಂಡರೆ ಆಸಾಮಿ ಮಾರು ದೂರ. ಜ್ವರ ಬಂದರೆ ಕಂಬಳಿ ಹೊದ್ದು ಮೂರು ದಿನ ನರಳುತ್ತಿದ್ದನೇ ಹೊರತು ಬಾಯಿ ತೆರೆಯುತ್ತಿರಲಿಲ್ಲ. ಹೆಂಡತಿ ಒಮ್ಮೆ ಗುಳಿಗೆಯನ್ನು ಅರೆದು ಸಕ್ಕರೆಯಲ್ಲಿ ಕಲಸಿ ಕೊಟ್ಟಳು. ವಾಸನೆಯಲ್ಲೇ ಹಿಡಿದುಬಿಟ್ಟ. ಇನ್ನೊಮ್ಮೆ ಬಾಳೆಹಣ್ಣಿನೊಳಗೆ ಹುದುಗಿಸಿ ಕೊಟ್ಟಳು. ಹಣ್ಣೆಲ್ಲ ತಿಂದು, ಗುಳಿಗೆಯನ್ನು ಮಾತ್ರ ಬೀಜದ ಹಾಗೆ ನಾಲಗೆಯ ತುದಿಗೆ ತಂದು ಅಂಗೈಗೆ ಉಗುಳಿದ. ಕೆಲಸ ತಪ್ಪಿಸುವವನು ಮೈಗಳ್ಳನಾದರೆ ನನ್ನ ಮಗ ಗುಳಿಗೆಗಳ್ಳ ಎಂದು ಅವನ ತಾಯಿಯೇ ನಕ್ಕಳು. ಆ ಹೆಸರೇ ನಿಂತಿತು.

ಮೈಗಳ್ಳನಂತೂ ಅವನಲ್ಲ. ಊರಾಚೆಯ ಕೋಳಿ ಶೆಡ್ಡಿನಲ್ಲಿ ಅವನದು ಗೊಬ್ಬರ ಎತ್ತುವ ಕೆಲಸ. ಒಂದೊಂದು ಶೆಡ್ಡಿನಲ್ಲಿ ಹತ್ತು ಸಾವಿರ ಕೋಳಿ. ಅಂಥವು ಆರು ಶೆಡ್ಡು. ಬೆಳೆದ ಕೋಳಿಗಳನ್ನು ಲಾರಿಗೆ ತುಂಬಿ ಕಳಿಸಿದ ಮೇಲೆ ನೆಲದ ಮೇಲೆ ಗೇಣುದ್ದ ಹಿಕ್ಕೆ, ಹೊಟ್ಟು, ಪುಕ್ಕ ಎಲ್ಲ ಸೇರಿ ಚಕ್ಕಳದ ಹಾಗೆ ಗಟ್ಟಿಯಾಗಿ ಕೂತಿರುತ್ತಿತ್ತು. ಅದನ್ನು ಸಲಿಕೆಯಿಂದ ಎಬ್ಬಿಸಬೇಕು. ಎಬ್ಬಿಸಿದರೆ ಘಾಟು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಎದೆಯಲ್ಲಿ ಉರಿ. ಬಾಯಿಗೆ ಟವೆಲ್ ಬಿಗಿದುಕೊಂಡು, ಬಗ್ಗಿದ ಬೆನ್ನು ಎತ್ತದೆ ಅವನು ಒಂದು ದಿನಕ್ಕೆ ಅರ್ಧ ಶೆಡ್ಡು ಮುಗಿಸುತ್ತಿದ್ದ. ಮನೆಗೆ ಬಂದರೆ ಅವನ ತಾಯಿಗೂ ಅವನ ಪಕ್ಕ ಕೂರಲು ಆಗುತ್ತಿರಲಿಲ್ಲ. ಮೂರು ನೀರು ಮೈ ತೊಳೆದರೂ ಆ ವಾಸನೆ ಹೋಗುತ್ತಿರಲಿಲ್ಲ.

ಹೆಂಡತಿಯದೂ ಅಲ್ಲೇ ಕೆಲಸ. ಅವಳದು ನೀರು. ಶೆಡ್ಡುಗಳ ಹಿಂದಿನ ಡ್ರಮ್ಮುಗಳನ್ನು ತುಂಬಿಸಿ, ಡ್ರಮ್ಮಿಗೊಂದು ಸೌಟಿನಂತೆ ಹಳದಿ ಪುಡಿ ಸುರಿದು, ತೋಳನ್ನು ಮೊಣಕೈ ಮುಳುಗುವ ತನಕ ಇಳಿಸಿ ಕಲಕಬೇಕು. ಕೋಲಿನಿಂದ ಕಲಕಿದರೆ ತಳದಲ್ಲಿ ಗಂಟು ಉಳಿಯುತ್ತದೆ, ಕೈಯಿಂದಲೇ ಆಗಬೇಕು ಎಂದು ಮೇಸ್ತ್ರಿಯ ಹುಕುಂ. ಹಾಗಾಗಿ ಅವಳು ಪುಡಿಯಕ್ಕ. ಗುಳಿಗೆಗಳ್ಳನಿಗೆ ಪುಡಿಯಕ್ಕ, ದೇವರು ಕೂಡಿಸಿದ ಜೋಡಿ ಎಂದು ಓಣಿಯವರು ಆಡಿಕೊಂಡು ನಗುತ್ತಿದ್ದರು. ಅವರಿಬ್ಬರೂ ನಗುತ್ತಿದ್ದರು.

ಆ ಪುಡಿ ಕಹಿ. ಎಷ್ಟು ಕಹಿ ಎಂದರೆ ಸೋಪು ಹಾಕಿ ತಿಕ್ಕಿದರೂ ಬೆರಳಿನಿಂದ ಬಿಡುತ್ತಿರಲಿಲ್ಲ. ಅವಳು ಕಲಸಿದ ಅನ್ನ ಅವಳಿಗೇ ಕಹಿ. ಉಗುರುಗಳು ಅರಿಸಿನ ಮೆತ್ತಿದ ಹಾಗೆ ಹಳದಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಮೇಸ್ತ್ರಿಯನ್ನು ಕೇಳಿದ್ದಳು.

"ಏನಣ್ಣಾ ಇದು ಪುಡಿ?"

"ಟಾನಿಕ್ಕು. ಕೋಳಿ ಬೇಗ ಮೈ ತುಂಬಿಕೊಳ್ಳುತ್ತೆ."

"ನಮ್ಮಮ್ಮ ಕೋಳಿ ಸಾಕ್ತಿದ್ಲು. ಸೊರಗಿದ ಕೋಳಿಗೆ ಮಾತ್ರ ಏನಾದ್ರೂ ಅರೆದು ಹಾಕೋಳು. ಇಲ್ಲಿ ಚೆನ್ನಾಗಿರೋದಕ್ಕೂ ದಿನಾ ಹಾಕ್ಬೇಕಾ?"

"ಹತ್ತು ಸಾವಿರದಲ್ಲಿ ಯಾವುದು ಸೊರಗಿದೆ, ಯಾವುದು ನೆಟ್ಟಗಿದೆ ಅಂತ ವಿಚಾರಿಸ್ಕೊಂಡು ಕೂರಲಾ? ಕೋಳಿ ಕೇಳಿ ಖಾರ ಅರೀತಾರೇನಮ್ಮ? ಹಾಕು ಅಂದ್ರೆ ಹಾಕು."

ಅವಳು ಹಾಕಿದಳು. ಒಂಬತ್ತು ವರ್ಷ ಹಾಕಿದಳು.

ಶೆಡ್ಡಿನ ಆಫೀಸು ಕೋಣೆಯಲ್ಲಿ ಒಂದು ಜೊತೆ ರಬ್ಬರ್ ಬೂಟು ಇತ್ತು. ಒಂದೇ ಜೊತೆ. ತಪಾಸಣೆಯವರು ಬರುವ ದಿನ ಅದನ್ನು ಗಂಡನ ಕಾಲಿಗೆ ತೊಡಿಸಿ, ಕೈಗೆ ಸಲಿಕೆ ಕೊಟ್ಟು ಫೋಟೋ ತೆಗೆಯುತ್ತಿದ್ದರು. ಅವನ ಪಾದಕ್ಕೆ ಅದು ಎರಡು ಬೆರಳು ಚಿಕ್ಕದು. ಫೋಟೋದಲ್ಲಿ ಅವನು ಹಲ್ಲು ಕಚ್ಚಿ ನಿಂತಿರುವುದು ನಗುತ್ತಿರುವಂತೆ ಕಾಣುತ್ತಿತ್ತು. ತಪಾಸಣೆಯವರ ಜೀಪು ಗೇಟು ದಾಟಿದ ಕೂಡಲೇ ಬೂಟು ಬೀರುವಿಗೆ, ಅವನು ಹವಾಯಿ ಚಪ್ಪಲಿಗೆ.

ಒಂದು ದಿನ ನಾಲ್ಕನೇ ಶೆಡ್ಡಿನ ಗೊಬ್ಬರದಲ್ಲಿ ಒಂದು ಮುರಿದ ತಂತಿ ಹೂತಿತ್ತು. ಚಪ್ಪಲಿಯನ್ನು ಸೀಳಿ ಹಿಮ್ಮಡಿಯೊಳಗೆ ಹೋಯಿತು. ಕಿತ್ತು ಎಸೆದ. ಟವೆಲಿನ ಅಂಚು ಹರಿದು ಸುತ್ತಿಕೊಂಡ. ಎರಡು ದಿನದಲ್ಲಿ ಹೊಸ ಮರಿಗಳ ಲಾರಿ ಬರುವುದಿತ್ತು. ಗೊಬ್ಬರದಲ್ಲೇ ನಿಂತು ಎರಡು ದಿನ ಸಲಿಕೆ ಆಡಿಸಿದ.

ಮೂರನೆಯ ದಿನ ಪಾದ ಹಲಸಿನ ತೊಳೆಯ ಹಾಗೆ ಉಬ್ಬಿತ್ತು. ಅವಳು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಸೂಜಿಗೆ ಅವನು ಹೆದರುವವನಲ್ಲ. ತೋಳು ಕೊಟ್ಟು ಆರಾಮಾಗಿ ಕೂತ. ನರ್ಸಮ್ಮ ಗಾಯ ತೊಳೆದು, ಕೆಂಪು ಏರಿದ್ದ ಕಡೆ ಕಾಲಿನ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದಳು.

"ಕೆಂಪು ಈ ಗೆರೆ ದಾಟಬಾರದು. ದಿನಾ ಬಂದು ಇಂಜೆಕ್ಷನ್ ತಗೊಂಡು ಹೋಗಿ. ಒಂದು ದಿನಾನೂ ತಪ್ಪಿಸಬೇಡಿ."

ಒಂದು ದಿನವೂ ತಪ್ಪಿಸಲಿಲ್ಲ. ಮೈದುನ ಶೆಡ್ಡಿನ ವ್ಯಾನು ಓಡಿಸುವವನು. ದಿನಾ ಅಣ್ಣನನ್ನು ಕೂರಿಸಿಕೊಂಡು ಹೋಗಿ ಬಂದ. ಕೆಂಪು ಮೊದಲ ದಿನ ಗೆರೆ ದಾಟಿತು. ನರ್ಸಮ್ಮ ಇನ್ನೊಂದು ಗೆರೆ ಎಳೆದಳು. ಅದನ್ನೂ ದಾಟಿತು. ನಾಲ್ಕನೆಯ ಗೆರೆ ಮೊಣಕಾಲಿನ ಹತ್ತಿರ ಬಿತ್ತು. ಆ ದಿನ ನರ್ಸಮ್ಮ ಪೆನ್ನು ಕೆಳಗಿಟ್ಟು, "ದೊಡ್ಡಾಸ್ಪತ್ರೆಗೆ ಹೋಗಿಬಿಡಿ, ಈಗಲೇ" ಎಂದಳು.

ದೊಡ್ಡಾಸ್ಪತ್ರೆಯ ಹಜಾರದಲ್ಲಿ ಆ ವಾರ ಹೊಸ ಬ್ಯಾನರ್ ಕಟ್ಟಿದ್ದರು. ಅದರಲ್ಲಿ ಹರಕು ಅಂಗಿಯ ಒಬ್ಬ ಗಂಡಸು ಬೊಗಸೆ ತುಂಬ ಗುಳಿಗೆ ಹಿಡಿದು ಬಾಯಿಗೆ ಸುರಿದುಕೊಳ್ಳುತ್ತಿದ್ದ. ಅವನ ಮೇಲೆ ಕೆಂಪು ಅಡ್ಡಗೀಟು. ಪುಡಿಯಕ್ಕ ನಾಲ್ಕನೇ ಇಯತ್ತೆ ತನಕ ಓದಿದವಳು. ಅಕ್ಷರ ಕೂಡಿಸಿ ಓದಿದಳು. ‘ಔಷಧಿ ಉಳಿಸಿ, ಜೀವ ಉಳಿಸಿ. ಮನಬಂದಂತೆ ನುಂಗಬೇಡಿ.’ ಸ್ಟ್ರೆಚರಿನ ಮೇಲೆ ಮಲಗಿದ್ದ ಗಂಡನಿಗೂ ಓದಿ ಹೇಳಿದಳು. ಅವನು ಜ್ವರದಲ್ಲೂ ಹಲ್ಲು ಕಿರಿದ.

"ನೋಡು. ಸರ್ಕಾರವೇ ನನ್ನ ಪಾರ್ಟಿ."

ವಾರ್ಡಿನಲ್ಲಿ ಅವನನ್ನು ನೋಡುತ್ತಿದ್ದದ್ದು ಕಲಿಯುವ ವಯಸ್ಸಿನ ಒಬ್ಬ ಡಾಕ್ಟರಮ್ಮ. ಕಣ್ಣಿನ ಕೆಳಗೆ ಕಪ್ಪು, ಕಾಲಲ್ಲಿ ಸವೆದ ಚಪ್ಪಲಿ, ಮಾತಿನಲ್ಲಿ ಮಾತ್ರ ಬೇಸರವಿಲ್ಲ. ಗಾಯದ ಕೀವು, ರಕ್ತ ಎರಡನ್ನೂ ಪರೀಕ್ಷೆಗೆ ಕಳಿಸಿದಳು. ಬಾಟಲಿಯಲ್ಲಿ ಒಂದು ಔಷಧಿ ಹನಿಸಿದಳು. ಅದು ಕೆಲಸ ಮಾಡಲಿಲ್ಲ. ಇನ್ನೊಂದು ಹನಿಸಿದಳು. ಜ್ವರ ಇಳಿಯಲಿಲ್ಲ. ಮೂರನೆಯ ದಿನ ಪರೀಕ್ಷೆಯ ಫಲ ಬಂತು. ಡಾಕ್ಟರಮ್ಮ ಪುಡಿಯಕ್ಕನನ್ನು ಪಕ್ಕಕ್ಕೆ ಕರೆದು ತನ್ನ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಗಾಜಿನ ಸಣ್ಣ ತಟ್ಟೆ. ಅದರಲ್ಲಿ ಸುತ್ತಲೂ ಬಟ್ಟೆಗುಂಡಿಯಷ್ಟು ಬಿಳಿ ಬಿಲ್ಲೆಗಳು.

"ತಟ್ಟೇಲಿ ಬೆಳೆಸಿರೋದು ಇವರ ಕೀವಿನಲ್ಲಿದ್ದ ಹುಳ. ಒಂದೊಂದು ಬಿಲ್ಲೆ ಒಂದೊಂದು ಔಷಧಿ. ಔಷಧಿ ಕೆಲಸ ಮಾಡಿದ್ರೆ ಬಿಲ್ಲೆ ಸುತ್ತ ಹುಳ ಸತ್ತು ಬಯಲಾಗುತ್ತೆ. ಇಲ್ಲಿ ನೋಡಿ, ಬಿಲ್ಲೆ ಅಂಚಿನ ತನಕ ಬೆಳೆದುಬಿಟ್ಟಿದೆ. ಹುಳಕ್ಕೆ ಇವೆಲ್ಲ ಅಭ್ಯಾಸ ಆಗಿಹೋಗಿದೆ. ಇವರು ಹಿಂದೆ ಯಾವ ಯಾವ ಮಾತ್ರೆ ತಗೊಳ್ತಿದ್ರು?"

"ಯಾವುದೂ ಇಲ್ಲ ಡಾಕ್ಟ್ರಮ್ಮ. ಅವರಿಗೆ ನುಂಗೋಕೇ ಬರಲ್ಲ."

"ಎಲ್ರೂ ಹಾಗೇ ಹೇಳ್ತಾರಮ್ಮ. ನಾನು ಬೈಯೋಕೆ ಕೇಳ್ತಿಲ್ಲ."

"ನನ್ನಾಣೆ. ಬೇಕಾದ್ರೆ ಓಣಿಗೆ ಬಂದು ಯಾರನ್ನಾದ್ರೂ ಕೇಳಿ. ಗುಳಿಗೆಗಳ್ಳ ಅಂತಲೇ ಅವರ ಹೆಸರು."

ಡಾಕ್ಟರಮ್ಮ ಅವಳ ಮುಖ ನೋಡಿದಳು. ಆಮೇಲೆ ಅವಳ ಕೈ ನೋಡಿದಳು. ಹಳದಿ ಉಗುರು.

"ಏನು ಕೆಲಸ ನಿಮ್ಮದು?"

ಪುಡಿಯಕ್ಕ ಹೇಳಿದಳು.

"ಆ ಪುಡಿ ಚೀಲದ ಮೇಲೆ ಏನೋ ಬರೆದಿರುತ್ತಲ್ಲ. ಒಂದು ಖಾಲಿ ಚೀಲ ತರೋಕಾಗುತ್ತಾ?"

ಖಾಲಿ ಚೀಲಗಳನ್ನು ಮೇಸ್ತ್ರಿ ಎಣಿಸಿ ಸುಡಿಸುತ್ತಿದ್ದ. ಪುಡಿಯಕ್ಕ ಮರುದಿನ ಬೆಳಿಗ್ಗೆ ಕೆಲಸಕ್ಕೆ ಬಂದವಳಂತೆ ಬಂದು, ಒಂದು ಚೀಲದ ಮೂಲೆಯನ್ನು ಹಲ್ಲಿನಿಂದ ಹರಿದು, ಮಡಿಸಿ, ರವಿಕೆಯೊಳಗೆ ಇಟ್ಟುಕೊಂಡಳು. ಬಾಯೆಲ್ಲ ಕಹಿ. ಹತ್ತು ಸಾವಿರ ಕೋಳಿಗಳ ಕಣ್ಣೂ ತನ್ನ ಮೇಲೇ ಇದೆ ಅನಿಸಿತು.

ಡಾಕ್ಟರಮ್ಮ ಆ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಗಂಡನ ತಲೆಯ ಮೇಲೆ ತೂಗುತ್ತಿದ್ದ ಬಾಟಲಿಯನ್ನು ನೋಡಿದಳು. ಮತ್ತೆ ತುಂಡನ್ನು ಓದಿದಳು.

"ಒಂದೇ ಜಾತಿ ಔಷಧಿ" ಎಂದಳು. ದನಿ ಇಳಿದಿತ್ತು. "ಇದು ಟಾನಿಕ್ ಅಲ್ಲಮ್ಮ. ನಾವು ಇವರಿಗೆ ಹನಿಸ್ತಿರೋದರ ಅಣ್ಣತಮ್ಮ. ಕೋಳಿ ಕುಡಿದು ಉಳಿದ ನೀರು ಎಲ್ಲಿಗೆ ಹೋಗುತ್ತೆ?"

"ಚರಂಡಿಗೆ."

"ಚರಂಡಿ?"

"ಕೆರೆಗೆ."

"ಗೊಬ್ಬರ?"

"ತರಕಾರಿ ತೋಟಕ್ಕೆ. ಟ್ರಾಕ್ಟರ್ ಬಂದು ತಗೊಂಡೋಗುತ್ತೆ."

"ಸತ್ತ ಕೋಳಿ?"

"ಗುಂಡಿಗೆ. ಗುಂಡಿ ಕೆರೆ ದಂಡೇಲಿದೆ."

"ನೀವು ಕುಡಿಯೋ ನೀರು?"

"ಬೋರಿಂದು" ಎಂದಳು ಪುಡಿಯಕ್ಕ. ಓಣಿಯ ಬೋರೂ ಕೆರೆ ದಂಡೆಯಲ್ಲೇ ಇತ್ತು. ಎಲ್ಲ ಬರೆದುಕೊಳ್ಳುತ್ತಿದ್ದ ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದಳು.

ಒಂಬತ್ತು ವರ್ಷ ಈ ಕೈಯಿಂದಲೇ ಕಲಕಿದೆ ಎಂದು ಪುಡಿಯಕ್ಕನಿಗೆ ಆಗ ಹೊಳೆಯಿತು. ಆ ಹುಳಕ್ಕೆ ದಿನಾ ಒಂದು ಸೌಟು ಉಣಿಸಿ, ಮೈ ತುಂಬಿಸಿ, ಗಟ್ಟಿ ಮಾಡಿ, ಗಂಡನ ಕಾಲಿನ ಹತ್ತಿರ ಬಿಟ್ಟಿದ್ದು ತಾನೇ. ಗೋಡೆಗೆ ಒರಗಿ ಹಾಗೇ ಕುಸಿದಳು. ಡಾಕ್ಟರಮ್ಮ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಏನೋ ಹೇಳಿದಳು. ನಿಮ್ಮ ತಪ್ಪಲ್ಲ ಎಂದಿರಬೇಕು. ಅವಳ ಕಿವಿಗೆ ಬೀಳಲಿಲ್ಲ.

ಉಳಿದಿದ್ದು ಒಂದೇ ಔಷಧಿ. ಅದರ ಸೂಜಿ ಮದ್ದು ಆಸ್ಪತ್ರೆಯಲ್ಲಿ ಇರಲಿಲ್ಲ. ಗುಳಿಗೆ ಇತ್ತು. ಹೆಬ್ಬೆರಳಿನ ಉಗುರಿನಷ್ಟು ಉದ್ದದ್ದು.

ಡಾಕ್ಟರಮ್ಮ ಅದನ್ನು ಅಂಗೈಯಲ್ಲಿಟ್ಟು ಕೊಟ್ಟಳು. ಗಂಡ ಗುಳಿಗೆ ನೋಡಿದ. ಹೆಂಡತಿಯನ್ನು ನೋಡಿದ. ತುಟಿ ಒಣಗಿ ಒಡೆದಿತ್ತು, ಕಣ್ಣು ಗುಳಿಬಿದ್ದಿತ್ತು.

"ಇದೇ ಕೊನೇ ಔಷಧೀನಾ?"

"ಹೂಂ ರೀ. ಇದೊಂದೇ ಅಂತೆ."

"ಅರೆದು ಕೊಡೇ."

"ಅರೀಬಾರದಂತೆ."

ಅವನು ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡ. ನೀರು ಕುಡಿದ. ಗಂಟಲು ಉಬ್ಬಿತು, ಮೈ ಸೆಟೆಯಿತು, ನೀರೆಲ್ಲ ಮೂಗಿನಿಂದ ಬಂತು. ಗುಳಿಗೆ ಎದೆಯ ಮೇಲೆ ಬಿತ್ತು. ಅವಳು ಎತ್ತಿ ಒರೆಸಿ ಕೊಟ್ಟಳು. ಮತ್ತೆ ಹಾಕಿಕೊಂಡ. ಪಕ್ಕದ ಮಂಚದವರೆಲ್ಲ ನೋಡುತ್ತಿದ್ದರು. ಅವಳು ಅವನ ಬೆನ್ನು ನೀವುತ್ತಾ, "ನಿಧಾನ, ನಿಧಾನ, ಅನ್ನದ ತುತ್ತು ಅಂದ್ಕೊಳ್ಳಿ" ಎನ್ನುತ್ತಿದ್ದಳು. ಮೂರನೆಯ ಸಲ ಇಳಿಯಿತು. ಅವನು ಬಾಯಿ ಅಗಲಿಸಿ ನಾಲಗೆ ಎತ್ತಿ ತೋರಿಸಿದ. ಅಡಿಯಲ್ಲೂ ಇಲ್ಲ, ದವಡೆಯಲ್ಲೂ ಇಲ್ಲ.

"ನೋಡು" ಎಂದ. "ಅಮ್ಮನಿಗೆ ಹೇಳು. ನಂಬಲ್ಲ ಅವಳು."

ನರ್ಸು ನಕ್ಕಳು. ಡಾಕ್ಟರಮ್ಮನೂ ನಕ್ಕಳು. ಪುಡಿಯಕ್ಕನಿಗೆ ಆ ಕ್ಷಣ ಅವನು ಬದುಕುತ್ತಾನೆ ಅನಿಸಿತು.

ಅವನು ಒಟ್ಟು ನಾಲ್ಕು ಗುಳಿಗೆ ನುಂಗಿದ. ಮೂರನೆಯ ದಿನ ಬೆಳಿಗ್ಗೆ, ವಾರ್ಡಿನ ನೆಲ ಒರೆಸುವ ಹೊತ್ತಿಗೆ, ಉಸಿರು ನಿಂತಿತು. ನೆಲ ಒರೆಸುವವಳು ಕೋಲು ಹಿಡಿದು ಹಾಗೇ ನಿಂತಳು. ಪುಡಿಯಕ್ಕ ಕೂಗಲಿಲ್ಲ. ಅವನ ಕಾಲಿನ ಮೇಲಿನ ಪೆನ್ನಿನ ಗೆರೆಗಳನ್ನು ಸೆರಗಿನ ತುದಿಯಿಂದ ಒರೆಸತೊಡಗಿದಳು. ಅವು ಹೋಗಲಿಲ್ಲ.

ಶವ ಕೊಡುವ ಕಿಟಕಿಯ ಹಿಂದೆ ಒಬ್ಬ ಗುಮಾಸ್ತ ಕೂತಿದ್ದ. ಬಕ್ಕ ತಲೆ, ಮೂಗಿನ ತುದಿಗೆ ಕನ್ನಡಕ. ಕೆಟ್ಟವನಲ್ಲ. ಕೂರಲು ಸ್ಟೂಲು ಕೊಟ್ಟ, ನೀರು ಕೊಟ್ಟ. ಆಮೇಲೆ ಒಂದು ಹಾಳೆ ಮುಂದೆ ತಳ್ಳಿದ.

"ಇಲ್ಲೊಂದು ಸಹಿ ಹಾಕಮ್ಮ. ಔಷಧಿ ಹಿಡಿಯದೆ ಹೋದವರ ಲೆಕ್ಕ ಇಡಬೇಕು ಅಂತ ಹೊಸದಾಗಿ ಬಂದಿದೆ."

ಪುಡಿಯಕ್ಕ ಹಾಳೆ ಎತ್ತಿಕೊಂಡಳು. ಅಕ್ಷರ ಕೂಡಿಸಿದಳು. ಕಾರಣ: ವೈದ್ಯರ ಸಲಹೆಯಿಲ್ಲದೆ ಮನಬಂದಂತೆ ಮಾತ್ರೆ ಸೇವನೆ. ಮೇಲಿನ ಮಾಹಿತಿಯನ್ನು ನಾನೇ ನೀಡಿದ್ದು, ಅದು ಸತ್ಯವಾಗಿರುತ್ತದೆ.

ಇನ್ನೊಮ್ಮೆ ಓದಿದಳು.

"ಇದು ಸುಳ್ಳು ಸಾರ್."

"ಯಾವುದು?"

"ಇವರು ಮಾತ್ರೆ ನುಂಗ್ತಿರಲಿಲ್ಲ. ಆ ಡಾಕ್ಟ್ರಮ್ಮ ಕೊಟ್ಟಿದ್ದೇ ಮೊದಲು. ಕೋಳಿ ಶೆಡ್ಡಿಂದ ಬಂದಿದ್ದು ಇದು. ಪುಡಿಯಿಂದ. ಡಾಕ್ಟ್ರಮ್ಮ ಬರ್ಕೊಂಡಿದಾರೆ, ಕೇಳಿ."

ಗುಮಾಸ್ತ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದ.

"ನೋಡಮ್ಮ, ಕಾರಣ ಒತ್ತೋಕೆ ಇಲ್ಲಿ ಮೂರೇ ಕೋಣೆ ಇರೋದು. ಸಲಹೆ ಇಲ್ಲದೆ ನುಂಗಿದ್ದು. ಅರ್ಧಕ್ಕೆ ನಿಲ್ಲಿಸಿದ್ದು. ಬೇರೆಯವರ ಮಾತ್ರೆ ತಿಂದಿದ್ದು. ಕೋಳಿ ಶೆಡ್ಡಿಗೆ ಕೋಣೆ ಇಲ್ಲ."

"ಖಾಲಿ ಬಿಡಿ."

"ಖಾಲಿ ಬಿಟ್ರೆ ಮುಂದಕ್ಕೆ ಹೋಗಲ್ಲ. ಹೋದ ವರ್ಷ ‘ಇತರೆ’ ಅಂತ ಒಂದಿತ್ತು. ಎಲ್ರೂ ಅದನ್ನೇ ಒತ್ತುತ್ತಾರೆ ಅಂತ ತೆಗೆದುಬಿಟ್ರು."

"ಹಂಗಂತ ಸುಳ್ಳು ಬರೀತೀರಾ?"

"ನಿನಗೇನಾಗಬೇಕಮ್ಮ ಅದರಿಂದ? ಇದು ಅಂಕಿ ಅಂಶಕ್ಕೆ ಅಷ್ಟೆ. ಹೋದವನು ವಾಪಸ್ ಬರ್ತಾನಾ?"

"ಹೋದವರ ಮೇಲೆ ಯಾಕೆ ಸಾರ್ ಹೊರಿಸ್ತೀರಿ ಹಂಗಾದ್ರೆ?"

ಗುಮಾಸ್ತ ಕನ್ನಡಕ ತೆಗೆದು ಒರೆಸಿದ. ಸಹಿ ಇಲ್ಲದೆ ಶವ ಕೊಡಲಾಗುವುದಿಲ್ಲ, ಅದು ನನ್ನ ಕೈಯಲ್ಲಿಲ್ಲ ಎಂದ.

ಪುಡಿಯಕ್ಕ ಹಾಳೆಯನ್ನು ಕಿಟಕಿಯೊಳಗೆ ವಾಪಸು ತಳ್ಳಿದಳು.

"ಹಾಕಲ್ಲ."

ಜೀವಮಾನದಲ್ಲಿ ಅವಳು ಯಾರ ಮುಂದೆಯೂ ಆ ಮಾತು ಆಡಿದವಳಲ್ಲ. ಸ್ಟೂಲಿನ ಮೇಲೆ ಕೂರಲಿಲ್ಲ. ಕಿಟಕಿಯ ಕೆಳಗೆ ನೆಲದ ಮೇಲೆ ಕೂತಳು.

ಹನ್ನೊಂದು ಗಂಟೆಗೆ ಡಾಕ್ಟರಮ್ಮ ದೊಡ್ಡ ಡಾಕ್ಟರನ್ನು ಕರೆದುಕೊಂಡು ಬಂದಳು. ಅವರು ತಾಳ್ಮೆಯಿಂದಲೇ ಮಾತಾಡಿದರು.

"ನೋಡಮ್ಮ, ನಿನ್ನ ದುಃಖ ಅರ್ಥ ಆಗುತ್ತೆ. ಆದರೆ ಕೋಳಿಗೆ ಏನು ಹಾಕ್ತಾರೆ ಅನ್ನೋದು ನಮಗೆ ಬರಲ್ಲ. ಅದು ಪಶು ಇಲಾಖೆ. ಕೆರೆ ನೀರು ಇನ್ನೊಂದು ಇಲಾಖೆ. ಮನುಷ್ಯರು ಮಾತ್ರ ನಮ್ಮದು. ನಾವು ನಮ್ಮ ಕೋಣೆಯಲ್ಲೇ ಬರೀಬೇಕು."

"ಹುಳಕ್ಕೆ ಇಲಾಖೆ ಗೊತ್ತಿತ್ತಾ ಸಾರ್?"

ದೊಡ್ಡ ಡಾಕ್ಟರು ಗಡಿಯಾರ ನೋಡಿಕೊಂಡರು. ಹಜಾರದಲ್ಲಿ ಅವರಿಗಾಗಿ ಶಾಲೆಯ ಹುಡುಗಿಯರು ಫಲಕ ಹಿಡಿದು ಕಾಯುತ್ತಿದ್ದರು. ಔಷಧಿ ಉಳಿಸಿ, ಜೀವ ಉಳಿಸಿ. ಅವರು ಹೋದರು.

ಡಾಕ್ಟರಮ್ಮ ನಿಂತಳು. "ನಾನು ಕೇಸ್ ಶೀಟಿನಲ್ಲಿ ಎಲ್ಲಾ ಬರೆದಿದ್ದೀನಿ ಅಕ್ಕಾ. ಪುಡಿ ಹೆಸರೂ ಬರೆದಿದ್ದೀನಿ."

"ಅದನ್ನ ಯಾರು ಓದ್ತಾರೆ?"

ಡಾಕ್ಟರಮ್ಮ ಅವಳ ಭುಜ ಒತ್ತಿ ವಾರ್ಡಿಗೆ ಹೋದಳು.

ಮಧ್ಯಾಹ್ನ ಮೈದುನ ವ್ಯಾನು ತಂದ. ಜೊತೆಗೆ ಮೇಸ್ತ್ರಿ ಬಂದಿದ್ದ. ಮೇಸ್ತ್ರಿ ಅವಳ ಎದುರು ಕುಕ್ಕರುಗಾಲಲ್ಲಿ ಕೂತ.

"ನೋಡಕ್ಕ, ಅವನು ನನಗೂ ಬೇಕಾದವನೇ. ಚೀಲ ಹರಿದಿದ್ದು ಯಾರು ಅಂತ ನನಗೆ ಗೊತ್ತು. ಯಾರಿಗೂ ಹೇಳಿಲ್ಲ. ಸುತ್ತಮುತ್ತ ಎಲ್ಲ ಶೆಡ್ಡಲ್ಲೂ ಹಾಕ್ತಾರೆ. ನಾವೊಬ್ಬರು ಬಿಟ್ರೆ ನಮ್ಮ ಕೋಳಿ ಸಾಯ್ತವೆ, ಶೆಡ್ಡು ಮುಚ್ಚುತ್ತೆ. ಶೆಡ್ಡು ಮುಚ್ಚಿದ್ರೆ ಓಣಿಯವರು ಮಣ್ಣು ತಿಂತಾರಾ? ಸಹಿ ಹಾಕಿ ಅವನನ್ನ ಕರ್ಕೊಂಡು ನಡಿ."

"ಅವರು ಗುಳಿಗೆ ನುಂಗ್ತಿರಲಿಲ್ಲ ಅಂತ ನಿನಗೆ ಗೊತ್ತಿಲ್ವಾ ಅಣ್ಣಾ?"

ಮೇಸ್ತ್ರಿ ನೆಲ ನೋಡಿದ. "ಗೊತ್ತು."

"ಬಂದು ಹೇಳು ಹಂಗಾದ್ರೆ ಕಿಟಕೀಲಿ."

ಅವನು ಎದ್ದು ಪಂಚೆ ಕೊಡವಿಕೊಂಡು ಹೊರಗೆ ಹೋದ.

ಮೈದುನ ಹೋಗಲಿಲ್ಲ. ಕಂಬಕ್ಕೆ ಒರಗಿ ಅಳುತ್ತಿದ್ದ. "ಅತ್ತಿಗೆ, ಸೆಕೆ ಜಾಸ್ತಿ ಇದೆ. ಒಳಗೆ ಐಸ್ ಪೆಟ್ಟಿಗೆ ಕೆಟ್ಟಿದೆಯಂತೆ. ಅಣ್ಣನ್ನ ನೆಲದ ಮೇಲೆ ಮಲಗಿಸಿದಾರೆ. ನಾನು ನೋಡ್ದೆ. ನೊಣ..." ಎಂದು ಅಷ್ಟಕ್ಕೇ ನಿಲ್ಲಿಸಿದ.

ಪುಡಿಯಕ್ಕ ಮೊಣಕಾಲಿಗೆ ಹಣೆ ಹಚ್ಚಿದಳು. ಎತ್ತಿಗೆ ಜ್ವರ, ಎಮ್ಮೆಗೆ ಬರೆ ಎಂಬ ಗಾದೆಯನ್ನು ಅವಳು ಎಷ್ಟೋ ಸಲ ನಗುತ್ತಾ ಹೇಳಿದ್ದಳು. ಬರೆ ಬಿದ್ದ ಎಮ್ಮೆಯ ಚರ್ಮ ಹೇಗೆ ಸುಡುತ್ತದೆ ಎಂದು ಯಾವತ್ತೂ ಯೋಚಿಸಿರಲಿಲ್ಲ. ಸಹಿ ಹಾಕಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಹಾಕದಿದ್ದರೆ? ಅದೂ ಏನೂ ಆಗುವುದಿಲ್ಲ. ಆದರೆ ಮನಸ್ಸು ಒಪ್ಪುತ್ತಿರಲಿಲ್ಲ. ಬದುಕಿರುವಾಗ ಬೂಟು ತೊಡಿಸಿ ಸುಳ್ಳು ಫೋಟೋ ತೆಗೆದರು. ಸತ್ತ ಮೇಲೆ ಸುಳ್ಳು ಹಾಳೆ. ಎರಡಕ್ಕೂ ಅವನೇ ನಿಲ್ಲಬೇಕು.

ನಾಲ್ಕು ಗಂಟೆಗೆ ಅತ್ತೆ ಬಂದಳು. ಮೈದುನನೇ ಹೋಗಿ ಕರೆತಂದಿದ್ದ. ಎಪ್ಪತ್ತು ದಾಟಿದ ಜೀವ. ವ್ಯಾನಿನಿಂದ ಇಳಿಯಲಾಗದೆ ಇಬ್ಬರು ಹಿಡಿದು ಇಳಿಸಿದರು. ಸೊಸೆಯ ಪಕ್ಕ ನೆಲದ ಮೇಲೆ ಕೂತಳು. ಅಳಲಿಲ್ಲ. ಮನೆಯಲ್ಲೇ ಅತ್ತು ಮುಗಿಸಿದ್ದಳು.

"ಏನಂತ ಬರೆದಿದ್ದಾರೆ?"

"ಮನಸ್ಸಿಗೆ ಬಂದಂಗೆ ಗುಳಿಗೆ ನುಂಗಿ ಸತ್ತ ಅಂತ ಅತ್ತೆ."

"ಯಾರು? ನನ್ನ ಮಗನಾ?" ಮುದುಕಿಯ ಬಾಯಿಂದ ನಗುವಿನಂಥದೇನೋ ಹೊರಟಿತು. "ಅವನಿಗೆ ಗುಳಿಗೆ ನುಂಗಿಸೋಕೆ ನಾನು ಏಳು ಕೆರೆ ನೀರು ಕುಡಿದಿದ್ದೀನಿ."

"ಅದನ್ನೇ ಹೇಳ್ತಿದ್ದೀನಿ. ಕೇಳೋರಿಲ್ಲ. ಅದಕ್ಕೇ ಹಾಕಲ್ಲ ಅಂದೆ."

"ಸರಿ ಮಾಡಿದೆ."

ಕಿಟಕಿಯೊಳಗೆ ಗುಮಾಸ್ತ ಬೀಗದ ಕೈ ಗೊಂಚಲು ಎತ್ತಿಕೊಂಡ. ಐದಕ್ಕೆ ಮುಚ್ಚುತ್ತೇವೆ, ನಾಳೆ ರಜೆ, ಆಮೇಲೆ ಇಡಲು ನಮ್ಮಲ್ಲಿ ಜಾಗವಿಲ್ಲ ಎಂದ. ದನಿಯಲ್ಲಿ ಗದರಿಕೆ ಇರಲಿಲ್ಲ. ಇದ್ದುದನ್ನು ಇದ್ದಂತೆ ಹೇಳಿದ್ದ.

ಅತ್ತೆ ಸೊಸೆಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ನೀನು ಹಾಕಬೇಡ. ನೀನು ಅಕ್ಷರ ಬಲ್ಲೋಳು. ನಿನಗೆ ಸುಳ್ಳು ಅಂತ ಗೊತ್ತಾಗುತ್ತೆ. ನನಗೆ ಓದೋಕೆ ಬರಲ್ಲ. ನಾನು ಒತ್ತುತ್ತೀನಿ."

"ಅತ್ತೆ, ಬೇಡ."

"ನುಂಗಿದ ಅಂತಲೇ ಬರ್ಕೊಳ್ಳಲಿ. ಊರು ನುಂಗಿದ ಅಂತ ಬೇಕಾದ್ರೂ ಬರ್ಕೊಳ್ಳಲಿ. ನೆಲದ ಮೇಲೆ ಹಾಕಿದಾರಂತೆ ಕಣೇ ನನ್ನ ಮಗನ್ನ."

ಪುಡಿಯಕ್ಕ ಅತ್ತೆಯ ಕೈ ಹಿಡಿದುಕೊಂಡಳು. ಬಿಗಿಯಾಗಿ ಹಿಡಿದುಕೊಂಡಳು. ಮುದುಕಿ ಬಿಡಿಸಿಕೊಳ್ಳಲು ಹೋಗಲಿಲ್ಲ. ಸೊಸೆಯ ಮುಖವನ್ನು ನೋಡುತ್ತಾ ಕಾದಳು. ಕೊನೆಗೆ ಪುಡಿಯಕ್ಕನ ಬೆರಳುಗಳು ತಾವಾಗಿ ಸಡಿಲವಾದವು.

ಅತ್ತೆ ಗೋಡೆ ಹಿಡಿದು ಎದ್ದಳು. ಗುಮಾಸ್ತ ಮಸಿಯ ಡಬ್ಬಿ ತೆರೆದ. ಅವಳ ಹೆಬ್ಬೆಟ್ಟು ಸವೆದು ನುಣ್ಣಗಾಗಿತ್ತು, ಗೆರೆ ಮೂಡಲಿಲ್ಲ. ಎರಡನೆಯ ಸಲ ಒತ್ತಿಸಿದ. ಮೂರನೆಯ ಸಲ ಅವನೇ ಅವಳ ಬೆರಳನ್ನು ಹಿಡಿದು ಹೊರಳಿಸಿ ಒತ್ತಿದ. ಮೂಡಿತು.

ಹೆಣವನ್ನು ಕೋಳಿ ವ್ಯಾನಿನಲ್ಲೇ ತಂದರು. ಬೇರೆ ಗಾಡಿ ಇರಲಿಲ್ಲ. ಮೈದುನ ನೀರು ಹೊಯ್ದು ತೊಳೆದಿದ್ದರೂ ಮೂಲೆಗಳಲ್ಲಿ ಪುಕ್ಕ ಅಂಟಿಕೊಂಡಿತ್ತು. ದಾರಿಯುದ್ದಕ್ಕೂ ಪುಡಿಯಕ್ಕ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮುಖದ ಮೇಲೆ ಹಾರಿ ಬರುವ ಪುಕ್ಕಗಳನ್ನು ಒಂದೊಂದಾಗಿ ಎತ್ತಿ ಹೊರಗೆ ಹಾಕುತ್ತಾ ಬಂದಳು.

ಎರಡು ವಾರ ಕಳೆದ ಮೇಲೆ ಅವಳು ಶೆಡ್ಡಿಗೆ ಹೋದಳು. ಮನೆಯಲ್ಲಿ ಡಬ್ಬಿಗಳ ತಳ ಕಾಣುತ್ತಿತ್ತು. ಸುತ್ತ ಬೇರೆ ಕೆಲಸವಿರಲಿಲ್ಲ. ಮೇಸ್ತ್ರಿ ಏನೂ ಆಗದವನಂತೆ ಸೌಟು ಚಾಚಿದ. ಅವಳು ಕೈ ಚಾಚಲಿಲ್ಲ.

"ಇದು ಟಾನಿಕ್ ಅಲ್ಲ."

"ಅಲ್ಲ. ಎಲ್ಲರಿಗೂ ಗೊತ್ತು. ಹಾಕು."

"ನಾನು ಹಾಕಲ್ಲ ಅಣ್ಣಾ. ಕೊಂದರೂ ಹಾಕಲ್ಲ."

ಅವನು ಬೈಯಲಿಲ್ಲ. ಹೊರಗೆ ಹೋಗು ಎನ್ನಲೂ ಇಲ್ಲ. ಗೋಡೆಗೆ ಒರಗಿಸಿದ್ದ ಸಲಿಕೆಯ ಕಡೆ ಕೈ ತೋರಿಸಿ, "ಹಂಗಾದ್ರೆ ಗೊಬ್ಬರ ಎತ್ತು" ಎಂದ. ಅವಳು ಸಲಿಕೆ ಎತ್ತಿಕೊಂಡಳು. ಸೆರಗನ್ನು ಬಾಯಿಗೆ ಬಿಗಿದುಕೊಂಡು ಎರಡನೇ ಶೆಡ್ಡಿನೊಳಗೆ ಹೋದಳು. ಮೊದಲ ಹೊಡೆತಕ್ಕೇ ಘಾಟು ಎದ್ದು ಕಣ್ಣು ಕುರುಡಾಯಿತು. ಒಂದೊಂದು ಹೆಜ್ಜೆಗೂ ಮುಂದೆ ನೆಲವನ್ನು ಸಲಿಕೆಯಿಂದ ತಡವಿ, ಆಮೇಲೆ ಕಾಲಿಡುತ್ತಿದ್ದಳು.

ಹತ್ತು ಗಂಟೆಗೆ ಉಸಿರಾಡಲು ಹೊರಗೆ ಬಂದಾಗ ಡ್ರಮ್ಮಿನ ಹತ್ತಿರ ಬಗ್ಗಿದ ಹೆಂಗಸನ್ನು ಕಂಡಳು. ಪಕ್ಕದ ಮನೆಯ ಸೊಸೆ. ಹೆತ್ತು ಮೂರು ತಿಂಗಳಾಗಿತ್ತು. ಬಳೆಗಳನ್ನು ಮೇಲಕ್ಕೆ ಸರಿಸಿ ಮೊಣಕೈ ತನಕ ತೋಳು ಇಳಿಸಿದ್ದಳು. ಬೇವಿನ ಮರದ ಕೆಳಗೆ ಬುಟ್ಟಿಯಲ್ಲಿ ಮಗು ಅಳುತ್ತಿತ್ತು.

ಪುಡಿಯಕ್ಕ ಸಲಿಕೆ ಬಿಸಾಡಿ ಓಡಿಹೋದಳು.

"ಏನೇ ಮಾಡ್ತಿದ್ದೀಯಾ? ಏನು ಅಂತ ಗೊತ್ತಾ ಇದು?"

"ಗೊತ್ತಕ್ಕಾ. ನೀನೇ ಹೇಳಿದ್ಯಲ್ಲ." ಆ ಹುಡುಗಿ ತಲೆ ಎತ್ತಲಿಲ್ಲ. "ನೀನು ಬಿಟ್ಟ ಕೆಲಸ ಅಂತ ಕರೆದ್ರು. ಬರಲ್ಲ ಅಂದ್ರೆ ಮನೇಲಿ ಉಳಿಸ್ತಾರಾ?"

ಮಗುವಿನ ಅಳು ಜೋರಾಯಿತು. ಅವಳು ತೋಳು ಹೊರಗೆಳೆದು, ಹಳದಿ ನೀರು ತೊಟ್ಟಿಕ್ಕುವ ಕೈಯನ್ನೇ ಬುಟ್ಟಿಯ ಕಡೆ ಚಾಚಿದಳು. ಪುಡಿಯಕ್ಕ ಅಡ್ಡ ನಿಂತು ಅವಳ ಮಣಿಕಟ್ಟು ಹಿಡಿದಳು.

"ಮುಟ್ಟಬೇಡ. ಕೈ ತೊಳ್ಕೊಂಡು ಬಾ ಮೊದಲು."

ಹುಡುಗಿ ಡ್ರಮ್ಮು ನೋಡಿದಳು. ಚರಂಡಿ ನೋಡಿದಳು. ಚರಂಡಿ ಹೋಗಿ ಸೇರುವ ಕೆರೆ, ಕೆರೆಯ ದಂಡೆಯ ಬೋರು, ಅಲ್ಲಿ ಕೊಡ ಹಿಡಿದು ಸಾಲು ನಿಂತ ಹೆಂಗಸರು.

"ಯಾವ ನೀರಲ್ಲಿ ಅಕ್ಕಾ?"